ನೀರು ಇಳಿದಾಗ ಬರುವ ಹುಡುಗ

ನನ್ನ ಮೊದಲ ಕಾದಂಬರಿಯ ನಾಯಕ ಒಂದು ಜೋಕಿಗೆ ಸತ್ತುಹೋದ.

ಸಾಗರದಲ್ಲಿ, ಕಾಲೇಜಿಗೆ ಹತ್ತಿರದಲ್ಲೇ, ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಅಸೈನ್‌ಮೆಂಟ್, ಪ್ರಾಜೆಕ್ಟ್ ಬೈಂಡಿಂಗ್, ಮದುವೆ ಕಾಗದ, ಪಹಣಿಯ ಜೆರಾಕ್ಸ್. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಒಂದು ನರಪಿಳ್ಳೆಯೂ ಬರುವುದಿಲ್ಲ. ಆ ಹೊತ್ತಲ್ಲಿ ಬರೆಯಲು ಶುರು ಮಾಡಿದೆ. ಪ್ರಿಂಟ್‌ಔಟ್‌ಗೆ ಬಂದು ಸಾಲಲ್ಲಿ ನಿಲ್ಲುವ ಹುಡುಗಿಯರು ಮೊಬೈಲಿನಲ್ಲಿ ಓದುತ್ತಿದ್ದುದೆಲ್ಲ ರಕ್ತ ಹೀರುವ ಪ್ರೇಮಿ, ತೋಳವಾಗುವ ಪ್ರೇಮಿ, ಇಂಥವೇ. ಇದನ್ನು ಕನ್ನಡದಲ್ಲಿ ನಾನೇ ಯಾಕೆ ಬರೆಯಬಾರದು ಅನ್ನಿಸಿತು.

ಆಗುಂಬೆ, ಮಳೆ, ಮಂಜು, ಹಳೇ ಬಂಗಲೆ, ಕಪ್ಪು ಕೋಟಿನ ಬಿಳಿಚಿಕೊಂಡ ಹುಡುಗ. ನಲವತ್ತು ಪುಟ ಬರೆದು, ಬೈಂಡಿಂಗ್‌ಗೆ ಬಂದಿದ್ದ ಮೂವರು ಡಿಗ್ರಿ ಹುಡುಗಿಯರ ಕೈಗೆ ಕೊಟ್ಟೆ. ಮಾರನೇ ದಿನ ಬಂದರು. ಒಬ್ಬಳು ಮುಖ ಗಂಭೀರ ಮಾಡಿಕೊಂಡು ಹೇಳಿದಳು: "ಚೆನ್ನಾಗಿದೆ ಅಕ್ಕ. ಆದ್ರೆ ಇವನು ಥೇಟ್ ಉಂಬಳ ಅಲ್ವಾ? ಮಳೆಗಾಲದಲ್ಲಿ ಬರ್ತಾನೆ, ತಣ್ಣಗಿರ್ತಾನೆ, ಗೊತ್ತಾಗದ ಹಾಗೆ ರಕ್ತ ಕುಡೀತಾನೆ."

"ಸುಣ್ಣ ಹಚ್ಚಿದ್ರೆ ಬಿಡ್ತಾನೇನೋ" ಅಂತ ಇನ್ನೊಬ್ಬಳು.

ನಾನೂ ನಕ್ಕೆ. ಆಮೇಲೆ ಆ ನಲವತ್ತು ಪುಟದ ಹಿಂಬದಿಯನ್ನು ಅಂಗಡಿಯ ಲೆಕ್ಕ ಬರೆಯಲು ಇಟ್ಟುಕೊಂಡೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಜಾಗ ಆಗುಂಬೆ. ಅಲ್ಲಿ ಕಾಲಿಂದ ಉಂಬಳ ಕಿತ್ತು ಎಸೆಯುತ್ತಾ ಸ್ಕೂಲಿಗೆ ಹೋದ ಮಕ್ಕಳಿಗೆ ರಕ್ತ ಹೀರುವವನು ನಿಗೂಢ ಅನ್ನಿಸುವುದಾದರೂ ಹೇಗೆ?

ಸರಿ, ನಮ್ಮ ಕಡೆಯ ದೆವ್ವಗಳನ್ನೇ ಹಿಡಿಯೋಣ ಅಂದುಕೊಂಡೆ. ಅದೂ ಸಲೀಸಾಗಲಿಲ್ಲ. ಕೊಳ್ಳಿದೆವ್ವ ಅಂದರೆ ಸೈನ್ಸ್ ಓದುವ ಹುಡುಗಿ "ಅದು ಫಂಗಸ್ ಇರಬೇಕು ಅಕ್ಕ" ಅಂದಳು. ನಮ್ಮ ಕಾಡಲ್ಲಿ ಮಳೆಗಾಲದ ರಾತ್ರಿ ಕೊಳೆತ ಕಟ್ಟಿಗೆ ಹಸಿರಾಗಿ ಮಿನುಗುವುದನ್ನು ನಾನೂ ನೋಡಿದ್ದೇನೆ, ವಾದ ಮಾಡಲು ಹೋಗಲಿಲ್ಲ. ಮೋಹಿನಿಯನ್ನು ಸಿನಿಮಾದವರು ಅರೆದು ಮುಗಿಸಿದ್ದಾರೆ. ಚೌಡಿಯ ಹೆಸರೆತ್ತಿದ್ದಕ್ಕೆ ಅಮ್ಮ ಪಾತ್ರೆ ತೊಳೆಯುವುದನ್ನು ಬಿಟ್ಟು ಎದ್ದು ಬಂದಳು.

"ಅವಳ ಸುದ್ದಿಗೆ ಹೋಗಬೇಡ ಮಾರಾಯ್ತಿ. ಅವಳು ಇರೋದು ನಿನ್ನ ಕಥೆಗಲ್ಲ."

ಅಮ್ಮನ ಮಾತು ಕೇಳಿದೆ. ಹೆದರಿಕೆ ಇರಲಿಲ್ಲ ಅಂತ ಹೇಳಿದರೆ ಸುಳ್ಳು. ಆದರೆ ಅದಕ್ಕಿಂತ ದೊಡ್ಡ ಕಾರಣ ಬೇರೆ. ಇವತ್ತಿಗೂ ಜನ ಹರಕೆ ಹೊತ್ತು ಎಡೆ ಇಡುವ ಶಕ್ತಿಯನ್ನು ತಂದು ಕಾಲೇಜು ಹುಡುಗಿಗೆ ಲವ್ವರ್ ಮಾಡಿದರೆ ಅದು ಕಲ್ಪನೆ ಅಲ್ಲ, ಉಡಾಫೆ. ನನ್ನ ಪುಸ್ತಕದಲ್ಲಿ ಚೌಡಿ ಒಂದೇ ಕಡೆ ಬರುತ್ತಾಳೆ. ಮರದ ಬುಡದಲ್ಲಿ ಒಂದು ಕಲ್ಲು, ಮುಂದೆ ಒಡೆದ ತೆಂಗಿನಕಾಯಿ. ಅಷ್ಟೇ.

ನನ್ನ ಕಥೆಯ ಹುಡುಗ ಸಿಕ್ಕಿದ್ದು 2023ರ ಜೂನ್‌ನಲ್ಲಿ. ಆ ವರ್ಷ ಮಳೆ ತಡವಾಗಿತ್ತು. ಶರಾವತಿ ಹಿನ್ನೀರು ಎಷ್ಟೋ ದೂರ ಹಿಂದಕ್ಕೆ ಸರಿದಿತ್ತು. ಅಮ್ಮನ ಅಣ್ಣ, ನಮ್ಮ ದೊಡ್ಡಮಾವ, "ಬಾ, ನಮ್ಮೂರು ತೋರಿಸ್ತೀನಿ" ಅಂತ ಕರೆದುಕೊಂಡು ಹೋದರು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಸಾಗರ, ಹೊಸನಗರ ತಾಲ್ಲೂಕಿನ ಎಷ್ಟೋ ಊರುಗಳು ಅದರ ನೀರಲ್ಲಿ ಹೋದವು. ನಮ್ಮ ಕಡೆ ಯಾರೂ 'ಅಣೆಕಟ್ಟು ಆದಾಗ' ಅನ್ನುವುದಿಲ್ಲ, 'ಮುಳುಗಡೆ ಆದಾಗ' ಅನ್ನುತ್ತಾರೆ. ಮಡೆನೂರಿನ ಹಳೇ ಅಣೆಕಟ್ಟೇ ಹೊಸ ಅಣೆಕಟ್ಟಿನ ನೀರಲ್ಲಿ ಮುಳುಗಿದೆ, ನೀರು ತೀರಾ ಇಳಿದ ವರ್ಷ ಅದೂ ತಲೆ ಎತ್ತುತ್ತದೆ.

ಬಿರುಕು ಬಿಟ್ಟ ಕೆಸರಿನ ಬಯಲು. ಸತ್ತು ಕಪ್ಪಾಗಿಯೂ ನಿಂತೇ ಇರುವ ಮರದ ಬೊಡ್ಡೆಗಳು. ದೊಡ್ಡಮಾವ ನಾಲ್ಕು ಕಲ್ಲಿನ ನಡುವೆ ನಿಂತು, "ಇದು ಅಡುಗೆಮನೆ. ಇಲ್ಲಿ ಒಲೆ. ಚಪ್ಪಲಿ ಬಿಟ್ಟು ಬಾ" ಅಂದರು. ನಾನು ಬಿಟ್ಟೆ.

ವಾಪಸ್ ಬರುವಾಗ ಹೊರಟ ದಿನದ ಕಥೆ ಹೇಳಿದರು. ಹೆಂಚು, ಬಾಗಿಲು, ಒರಳುಕಲ್ಲು, ದನ, ಎಲ್ಲ ಹೋಯಿತಂತೆ. "ಸತ್ತವರನ್ನ ಮಾತ್ರ ಯಾರೂ ಲಾರಿ ಹತ್ತಿಸಲಿಲ್ಲ ನೋಡು." ಅವರು ಸುಮ್ನೆ ಅಂದ ಮಾತು ಅದು. ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಹತ್ತೊಂಬತ್ತರ ಹುಡುಗ. 1962ರಲ್ಲಿ ಜ್ವರ ಬಂದು ತೀರಿಕೊಂಡವನು. ಮನೆ ಹಿಂದೆಯೇ ಮಣ್ಣು ಮಾಡಿದ್ದಾರೆ. ಎರಡು ವರ್ಷ ಕಳೆದು ಮನೆಯವರು ಹೊರಟುಹೋದರು, ಇವನು ಉಳಿದ. ಮೊದಲು ಅವನನ್ನು ಮುಳುಗಡೆಯ ನೀರಲ್ಲೇ ಸಾಯಿಸುವ ಯೋಚನೆ ಇತ್ತು. ದೊಡ್ಡಮಾವ "ನಮ್ಮೂರಲ್ಲಿ ಹಂಗ್ಯಾರೂ ಸತ್ತಿಲ್ಲ" ಅಂದರು. ಆಗದೇ ಇದ್ದ ಸಾವನ್ನು ಒಂದು ಊರಿನ ತಲೆಗೆ ಕಟ್ಟುವುದು ಬೇಡ ಅನ್ನಿಸಿತು. ಜ್ವರದ ಸಾವೇ ಕಥೆಗೆ ಇನ್ನೂ ಒಳ್ಳೆಯದಾಯಿತು. ಅವನು ಬಲಿಯಾದವನಲ್ಲ. ಬಿಟ್ಟು ಹೋದವರ ಮೇಲೆ ಮುನಿಸಿಕೊಂಡ ಹುಡುಗ. ಮುನಿಸು ಇರುವವನನ್ನು ಪ್ರೀತಿಸಬಹುದು.

ಇನ್ನು ಅವನ ಕಟ್ಟಳೆ. ಇಂಥ ಕಥೆಯಲ್ಲಿ ಅವನು ಏನೇನು ಮಾಡಬಲ್ಲ ಅನ್ನುವುದಕ್ಕಿಂತ ಏನು ಮಾಡಲಾರ ಅನ್ನುವುದೇ ಮುಖ್ಯ. ಎಲ್ಲ ಆಗುವವನ ಜೊತೆ ಪ್ರೇಮಕಥೆ ಎರಡನೇ ಅಧ್ಯಾಯಕ್ಕೇ ಮುಗಿಯುತ್ತದೆ. ನನ್ನ ಹುಡುಗ ತನ್ನ ಊರಿನ ನೆಲದ ಮೇಲೆ ಮಾತ್ರ ಕಾಣುತ್ತಾನೆ. ಆ ನೆಲ ನೀರಿನ ಮೇಲೆ ಇರಬೇಕು. ಅವನ ಮನೆಯ ಅಂಗಳ 1,762 ಅಡಿಯಲ್ಲಿದೆ ಅಂತ ಇಟ್ಟುಕೊಂಡೆ. ಅಣೆಕಟ್ಟು ತುಂಬುವುದು 1,819 ಅಡಿಗೆ.

ಪೇಪರಿನ ಒಳಪುಟದಲ್ಲಿ ದಿನಾ ಜಲಾಶಯಗಳ ಮಟ್ಟ ಬರುತ್ತದಲ್ಲ, ಗರಿಷ್ಠ ಇಷ್ಟು, ಇವತ್ತು ಇಷ್ಟು, ಒಳಹರಿವು, ಹೊರಹರಿವು ಅಂತ. ಒಂದು ವರ್ಷ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದೆ. ಅಂಗಡಿಗೆ ಬಂದವರು ನಾನೇನೋ ಪವರ್ ಕಾರ್ಪೊರೇಷನ್ ಪರೀಕ್ಷೆಗೆ ಓದುತ್ತಿದ್ದೇನೆ ಅಂದುಕೊಂಡಿದ್ದರು. ಆ ಲೆಕ್ಕವೇ ನನ್ನ ಕಥೆಯ ನಡಿಗೆಯನ್ನು ತೀರ್ಮಾನಿಸಿತು. ಬೇಸಿಗೆಯಲ್ಲಿ ನೀರು ದಿನಕ್ಕೆ ಕೆಲವೇ ಇಂಚು ಇಳಿಯುತ್ತದೆ. ಜುಲೈನಲ್ಲಿ ಮಳೆ ಜೋರಾದರೆ ಒಂದೇ ದಿನಕ್ಕೆ ಮೂರು ನಾಲ್ಕು ಅಡಿ ಏರಿಬಿಡುತ್ತದೆ. ಅಂದರೆ ಪ್ರೀತಿ ಹುಟ್ಟಲು ತಿಂಗಳುಗಟ್ಟಲೆ ಸಮಯ, ಅಗಲಿಕೆಗೆ ನಾಲ್ಕು ದಿನ. ಅಧ್ಯಾಯಗಳಿಗೆ ಹೆಸರಿಡಲಿಲ್ಲ. ಆ ದಿನದ ನೀರಿನ ಮಟ್ಟವನ್ನೇ ಮೇಲೆ ಹಾಕಿದೆ. 1,761 ಅಂದರೆ ಅವನು ಮೊದಲ ಸಲ ಕಾಣುವ ದಿನ. ಆಮೇಲೆ ಸಂಖ್ಯೆ ಇಳಿಯುತ್ತಾ ಹೋಗುತ್ತದೆ, ಓದುವವರಿಗೆ ಖುಷಿ. ಒಂದು ಅಧ್ಯಾಯದಲ್ಲಿ ಅದು ಒಂದಡಿ ಮೇಲೇರುತ್ತದೆ. ಅಲ್ಲಿ ನಾನು ಒಂದೇ ಒಂದು ಭಯದ ವಾಕ್ಯ ಬರೆದಿಲ್ಲ, ಆದರೂ ಹುಡುಗಿಯರು "ಆ ನಂಬರ್ ನೋಡಿ ಎದೆ ಧಸಕ್ ಅಂತು ಅಕ್ಕ" ಅಂದರು.

ನನಗೆ ತುಂಬಾ ಇಷ್ಟವಾದ ದೃಶ್ಯವೂ ಈ ಲೆಕ್ಕದಿಂದಲೇ ಬಂತು. ಲಿಂಗನಮಕ್ಕಿಯ ನೀರು ತಳಕಳಲೆಯ ಚಿಕ್ಕ ಜಲಾಶಯಕ್ಕೆ ಹೋಗಿ, ಅಲ್ಲಿಂದ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. 1,035 ಮೆಗಾವಾಟಿನ ಕೇಂದ್ರ ಅದು. ನಾವು ಕರೆಂಟ್ ಉರಿಸಿದಷ್ಟೂ ಹಿನ್ನೀರು ಇಳಿಯುತ್ತದೆ, ಅಲ್ವಾ? ಮಳೆ ಶುರುವಾದ ರಾತ್ರಿ ನನ್ನ ನಾಯಕಿ ಮನೆಯ ಲೈಟು, ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಹಾಕಿ ನಡುವೆ ಕೂತಿರುತ್ತಾಳೆ. ಅವಳಮ್ಮ ಎದ್ದು ಬಂದು "ಬಿಲ್ ನಿಮ್ಮಪ್ಪ ಕಟ್ತಾನಾ?" ಅಂತ ಬಯ್ಯುತ್ತಾಳೆ. 'ನಿನ್ನನ್ನು ಪ್ರೀತಿಸುತ್ತೇನೆ' ಅನ್ನುವ ಮಾತು ನನ್ನ ಪುಸ್ತಕದಲ್ಲಿ ಎಲ್ಲೂ ಇಲ್ಲ. ಬೇಕಾಗಲಿಲ್ಲ.

ವಯಸ್ಸಿನ ವಿಷಯದಲ್ಲಿ ನಾನು ಎಡವಿದ್ದೆ. ಮೊದಲ ಕರಡಿನಲ್ಲಿ ನಾಯಕಿಗೆ ಹದಿನಾರು. ಬರೆಯುತ್ತಾ ಹೋದಂತೆ ಕೈ ನಿಂತಿತು. 1962ರಲ್ಲಿ ಹತ್ತೊಂಬತ್ತು ಅಂದರೆ 2023ಕ್ಕೆ ಎಂಬತ್ತು! ಎಂಬತ್ತು ವರ್ಷ ಲೋಕ ಕಂಡವನು ಪಿಯು ಹುಡುಗಿಯ ಹಿಂದೆ ಬಿದ್ದರೆ ಅದು ಪ್ರೇಮಕಥೆಯಲ್ಲ, ಪೊಲೀಸ್ ಕೇಸು. 2012ರ ಪೋಕ್ಸೊ ಕಾಯ್ದೆಯಲ್ಲಿ ಹದಿನೆಂಟರ ಒಳಗಿನವರೆಲ್ಲ ಮಕ್ಕಳೇ. ಈ ಥರದ ಎಷ್ಟೋ ಕಥೆಗಳಲ್ಲಿ ಮುನ್ನೂರು ವರ್ಷದವನು ಹೈಸ್ಕೂಲಿಗೆ ಬಂದು ಕೂರುತ್ತಾನೆ, ಯಾರೂ ಕೇಳುವುದಿಲ್ಲ. ನಾನು ನಾಯಕಿಯನ್ನು ಡಿಗ್ರಿ ಎರಡನೇ ವರ್ಷಕ್ಕೆ ಕಳಿಸಿದೆ, ಹತ್ತೊಂಬತ್ತು ಮಾಡಿದೆ. ಅವನಿಗೆ ಮನೆ ಮೇಲೆ ನೀರು ಇದ್ದಷ್ಟು ಕಾಲ ನಿದ್ದೆ ಅಂತ ಮಾಡಿದೆ. ನೀರು ಅಷ್ಟು ಇಳಿದ ದಿನಗಳು ಮಾತ್ರ ಅವನ ಲೆಕ್ಕಕ್ಕೆ. "ನನಗೆ ಬರಗಾಲ ಮಾತ್ರ ನೆನಪಿದೆ" ಅನ್ನುತ್ತಾನೆ. ಅವನಿಗೆ ಅವಳಿಗಿಂತ ಜಾಸ್ತಿ ಏನೂ ಗೊತ್ತಿಲ್ಲ.

ಗೊತ್ತಿಲ್ಲದ್ದು ಎಷ್ಟು ಅಂತ ಹುಡುಕುವುದೇ ಒಂದು ಮಜಾ. ಅವಳು 'ಕರ್ನಾಟಕ' ಅಂದರೆ ಅವನಿಗೆ ಅರ್ಥ ಆಗುವುದಿಲ್ಲ. ಆ ಹೆಸರು ಬಂದದ್ದು 1973ರಲ್ಲಿ, ಅವನದ್ದು ಮೈಸೂರು ರಾಜ್ಯ. ನಯಾಪೈಸೆ 1957ರಲ್ಲೇ ಬಂದಿದ್ದರೂ ಅವನ ಬಾಯಲ್ಲಿ ಇನ್ನೂ ನಾಲ್ಕಾಣೆ, ಎಂಟಾಣೆ. 'ಓಕೆ' ಅನ್ನುವುದಿಲ್ಲ, 'ಆತು' ಅನ್ನುತ್ತಾನೆ. ಅವನ ಮಾತುಗಳನ್ನೆಲ್ಲ ಬರೆದ ಮೇಲೆ ದೊಡ್ಡಮಾವನಿಗೆ ಓದಿ ಹೇಳುತ್ತಿದ್ದೆ. 'ಟೆನ್ಶನ್' ಅನ್ನುವ ಪದವನ್ನು ಅವರು ಎರಡು ಕಡೆ ಹಿಡಿದರು.

ಮುಟ್ಟುವ ವಿಷಯ. "ಒಂದ್ಸಲನಾದ್ರೂ ಕೈ ಹಿಡೀಲಿ ಅಕ್ಕ" ಅಂತ ಹುಡುಗಿಯರ ಒಂದೇ ಗೋಳು. ಹಿಡಿಯುವುದಿಲ್ಲ ಅಂತ ಮೊದಲೇ ಕಟ್ಟಳೆ ಹಾಕಿದ್ದೆ, ಮುರಿದರೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ. ಕೊನೆಗೆ ಹೊಳೆದದ್ದು ಒಂದು ಹಿತ್ತಾಳೆ ಚೊಂಬು. ಅವನ ಮನೆಯಿಂದ ಹೊರಟ ವಸ್ತುಗಳನ್ನು ಅವನು ಮುಟ್ಟಬಲ್ಲ. ನಾಯಕಿಯ ಮನೆಯಲ್ಲಿ ಅಂಥದ್ದೊಂದು ಚೊಂಬು ಇದೆ. ಅವಳು ಅದರಲ್ಲಿ ನೀರು ತರುತ್ತಾಳೆ, ಅವನು ಇನ್ನೊಂದು ಬದಿ ಹಿಡಿಯುತ್ತಾನೆ. ಒಂದೇ ಚೊಂಬಿನ ಎರಡು ಕಡೆ ಇಬ್ಬರ ಕೈ. ಈ ಒಂದೂವರೆ ಪುಟವನ್ನು ಹನ್ನೊಂದು ಸಲ ಬರೆದಿದ್ದೇನೆ.

ಆದರೆ ಚೊಂಬು ಅವಳ ಮನೆಗೆ ಬಂದದ್ದು ಹೇಗೆ? ಅವಳ ಅಜ್ಜನದ್ದು ಅಂತ ಬರೆದಿದ್ದೆ. ಅದೇ ಉಂಬಳದ ಹುಡುಗಿ ಪುಟ ತಿರುಗಿಸಿ, "ಅಕ್ಕ, ಹಾಗಾದ್ರೆ ಇವನು ಅವಳಿಗೆ ಚಿಕ್ಕಜ್ಜ ಆಗ್ಬೇಕಲ್ವಾ?" ಅಂದಳು.

ಆ ರಾತ್ರಿಯೇ ಎರಡು ಮನೆಯ ವಂಶಾವಳಿ ಬರೆದೆ. ಈಗ ಚೊಂಬು ಪಕ್ಕದ ಮನೆಯದ್ದು. ಗಾಡಿಯಲ್ಲಿ ಜಾಗ ಸಾಲದೆ ಅವನ ತಾಯಿ ನಾಯಕಿಯ ಮುತ್ತಜ್ಜಿಯ ಕೈಗೆ ಕೊಟ್ಟದ್ದು. ಇಂಥ ಕಥೆ ಬರೆಯುವವರು ದೆವ್ವ ಹುಟ್ಟಿಸುವ ಮೊದಲು ನೆಂಟಸ್ತಿಕೆ ನೋಡಿಕೊಳ್ಳುವುದು ಒಳ್ಳೆಯದು.

ಕೊನೆಯ ಅಧ್ಯಾಯಕ್ಕೆ ಆರು ತಿಂಗಳು ಹಿಡಿಯಿತು. ನೀರು ಏರುತ್ತಿದೆ, ಏನು ಮಾಡುವುದು? "ಅವಳೂ ಅವನ ಜೊತೆ ನೀರಿಗೆ ಇಳಿದುಬಿಡಲಿ" ಅಂತ ಒಬ್ಬಳು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದಳು. ಸಾಧ್ಯವೇ ಇಲ್ಲ ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ಯಾವಳೋ ಹುಡುಗಿ ಇದನ್ನು ರಾತ್ರಿ ಒಬ್ಬಳೇ, ಮನಸ್ಸು ಮುರಿದ ದಿನ ಓದುತ್ತಿರುತ್ತಾಳೆ. ಸಾಯುವುದನ್ನು ಚೆಂದ ಮಾಡಿ ತೋರಿಸುವ ಸಾಲು ನನ್ನ ಕೈಯಿಂದ ಬರಬಾರದು. ಒಬ್ಬ ಪ್ರಕಾಶಕರು ಇನ್ನೊಂದು ದಾರಿ ಹೇಳಿದರು. ಹುಡುಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿ ಮತ್ತೆ ಹುಟ್ಟಿ ಬರಲಿ, ಮದುವೆ ಮಾಡಿಸಿ ಅಂತ. ನಮಸ್ಕಾರ ಹೇಳಿ ಬಂದೆ.

ಉತ್ತರ ದೊಡ್ಡಮಾವನ ಮಾತಲ್ಲೇ ಇತ್ತು, ನಾನು ನೋಡಿರಲಿಲ್ಲ. ಯಾರೂ ಲಾರಿ ಹತ್ತಿಸಲಿಲ್ಲ ಅಲ್ವಾ? ಹಾಗಾದರೆ ಹತ್ತಿಸಬೇಕು. ನಾಯಕಿ ಅವನನ್ನು ಮಣ್ಣು ಮಾಡಿದ ಜಾಗದಿಂದ ಚೊಂಬಿನ ತುಂಬ ಮಣ್ಣು ತೆಗೆದುಕೊಂಡು, ಮಳೆಯಲ್ಲಿ ಎರಡು ಬಸ್ಸು ಬದಲಿಸಿ, ಅವನ ಮನೆಯವರು ಈಗಿರುವ ಊರಿಗೆ ಹೋಗುತ್ತಾಳೆ. ಕಂಡಕ್ಟರ್ "ಏನಮ್ಮ ಅದು, ಲಗೇಜಾ?" ಅಂದರೆ "ಇನ್ನೊಂದು ಟಿಕೆಟ್ ಕೊಡಿ" ಅನ್ನುತ್ತಾಳೆ. 1,819 ಅನ್ನುವ ಅಧ್ಯಾಯ ಆ ಮನೆಯ ಜಗುಲಿಯಲ್ಲಿ ಮುಗಿಯುತ್ತದೆ. ಅವನು ಕಾಣುತ್ತಾನೋ ಇಲ್ಲವೋ, ಓದಿದವರಿಗೆ ಬಿಟ್ಟದ್ದು. ಹುಡುಗಿಯರು ಇನ್ನೂ ಜಗಳ ಆಡುತ್ತಾರೆ.

ಪುಸ್ತಕ ಮಾಡಿದ್ದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಡಿಟಿಪಿ ನನ್ನದೇ. ಆದರೂ ಯೂನಿಕೋಡ್‌ನಲ್ಲಿ ಬರೆದದ್ದನ್ನು ಪ್ರೆಸ್‌ನವರಿಗೆ ಬೇಕಾದ ಹಳೇ ನುಡಿ ಫಾಂಟಿಗೆ ತಿರುಗಿಸುವಾಗ ಅರ್ಕಾವತ್ತುಗಳು ಚೆಲ್ಲಾಪಿಲ್ಲಿಯಾಗಿ ಮೂರು ರಾತ್ರಿ ತಿದ್ದಿದೆ. ಐಎಸ್‌ಬಿಎನ್ ನಮ್ಮ ದೇಶದಲ್ಲಿ ಉಚಿತ. ಅದಕ್ಕೆ ದುಡ್ಡು ಕೇಳಿದ ಏಜೆಂಟನೊಬ್ಬನನ್ನು ವಾಪಸ್ ಕಳಿಸಿದೆ. ಐನೂರು ಪ್ರತಿ ಹಾಕಿಸಿದೆ. ಕಥೆಯಲ್ಲಿ ಹಿನ್ನೀರು ದಾಟಿಸುವ ಸಿಗಂದೂರಿನ ಲಾಂಚ್ ಬರುತ್ತದೆ. 2025ರ ಜುಲೈನಲ್ಲಿ ಅಲ್ಲಿ ಸೇತುವೆಯೇ ಓಡಾಟಕ್ಕೆ ತೆರೆಯಿತು. ಹಾಗಾಗಿ ಮೊದಲ ಪುಟದಲ್ಲಿ '2023ರ ಬೇಸಿಗೆ' ಅಂತ ಒಂದು ಸಾಲು ಸೇರಿಸಿದೆ.

ಮೊದಲ ಪ್ರತಿ ದೊಡ್ಡಮಾವನಿಗೆ ಕೊಟ್ಟೆ. ಪ್ರೇಮಕಥೆ, ಅವರು ಓದುವುದಿಲ್ಲ ಅಂದುಕೊಂಡಿದ್ದೆ. ಹದಿನೈದು ದಿನ ಬಿಟ್ಟು ಅಂಗಡಿಗೆ ಬಂದರು. ಪುಸ್ತಕದ ಮೂರು ಕಡೆ ಪೆನ್ಸಿಲಿನಲ್ಲಿ ಗೀಟು ಹಾಕಿದ್ದರು.

"ಬಾವಿ ಪಡುವಣಕ್ಕೆ ಅಂತ ಬರೆದಿದ್ದೀಯ. ಮೂಡಣಕ್ಕೆ ಇತ್ತು. ಆ ಹುಡುಗ ಬೆಳಗ್ಗೆ ಎದ್ದು ಆ ಕಡೆ ಹೋದ್ರೆ ನೀರು ಸಿಗಲ್ಲ."

ಎರಡನೇ ಮುದ್ರಣದಲ್ಲಿ ಬಾವಿಯನ್ನು ಮೂಡಣಕ್ಕೆ ಹಾಕಿದ್ದೇನೆ.