ಕಿಟೆಂಗೆಲಾದ ಕೆಸರಿನಲ್ಲಿ ಸಿಕ್ಕ ಜಾಲಿ ಚಿಟ್ಟೆ

ಕೀನ್ಯಾದ ರಾಜಧಾನಿ ನೈರೋಬಿಯಿಂದ ದಕ್ಷಿಣಕ್ಕೆ ಕಿಟೆಂಗೆಲಾ ಅಂತ ಒಂದು ಊರು. ಕೆಲಸದ ಮೇಲೆ ಅಲ್ಲಿ 2 ವರ್ಷ ಇದ್ದೆ. ಊರು ದಾಟಿದರೆ ಕಣ್ಣು ಹಾಯುವಷ್ಟು ದೂರ ಹುಲ್ಲು, ನಡುನಡುವೆ ಮುಳ್ಳಿನ ಜಾಲಿ. ನೆಲ ನಮ್ಮ ವಿಜಯಪುರದ ಎರೆ ಭೂಮಿಯ ಹಾಗೇ ಕಪ್ಪು. ಜೊತೆಯವರು ಸಿಂಹ ನೋಡೋಕೆ ಹೋಗುತ್ತಿದ್ದರು. ನನಗೆ ಬೇಕಿದ್ದದ್ದು ಒಂದು ಪುಟ್ಟ ಚಿಟ್ಟೆ, ಆಫ್ರಿಕನ್ ಬಬುಲ್ ಬ್ಲೂ. ಬಬುಲ್ ಅಂದರೆ ಜಾಲಿ. ರೆಕ್ಕೆ ಬಿಚ್ಚಿದರೂ ಎರಡೂವರೆ ಸೆಂಟಿಮೀಟರ್ ಆಸುಪಾಸು, ಅಷ್ಟೇ.

ಮೊದಮೊದಲು ಸುಮ್ನೆ ಅದರ ಹಿಂದೆ ಓಡಿದೆ. ಜಾಲಿಯ ನೆತ್ತಿ ಸುತ್ತಿ ಮಾಯವಾಗುತ್ತಿತ್ತು. ಒಂದು ಫೋಟೋವೂ ಸರಿಯಾಗಿ ಬರಲಿಲ್ಲ. ಕೊನೆಗೆ ಓಡೋದು ಬಿಟ್ಟೆ.

ಅಲ್ಲಿ ದೊಡ್ಡ ಮಳೆ ಮಾರ್ಚ್‌ನಿಂದ ಮೇವರೆಗೆ. ಜೂನ್‌ನಲ್ಲಿ ಹೊಂಡಗಳು ಆರಿ, ಅಲ್ಲಿನ ದನಗಾಹಿ ಜನ ಮಸಾಯಿಗಳ ದನ ಓಡಾಡುವ ದಾರಿಯಲ್ಲಿ ಗೊರಸಿನ ಗುಳಿಗಳಷ್ಟೇ ಹಸಿಯಾಗಿದ್ದವು. ದನ ಗಂಜಲ ಹೊಯ್ದ ಜಾಗವಾದರೆ ಇನ್ನೂ ಒಳ್ಳೇದು. ಉಪ್ಪಿನಂಶ ಹೀರೋಕೆ ಗಂಡು ಚಿಟ್ಟೆಗಳು ಅಲ್ಲಿ ಗುಂಪು ಸೇರುತ್ತವೆ. ನನ್ನ ನೆರಳು ಅವುಗಳ ಮೇಲೆ ಬೀಳದ ಹಾಗೆ ಪಕ್ಕದಲ್ಲಿ ಮಲಗಿ, ಮೊಣಕೈ ಊರಿ, ಪುಟ್ಟದ್ದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ 100 ಎಂಎಂ ಮ್ಯಾಕ್ರೋ ಲೆನ್ಸ್ ಹಿಡಿದು ಕಾದೆ. ನೆರಳು ತಾಗಿದರೆ ಇಡೀ ಗುಂಪು ಎದ್ದುಬಿಡುತ್ತದೆ.

ಅರ್ಧ ಗಂಟೆಗೆ ಒಂದು ಬಂದು ಕೂತಿತು. ಕೂದಲಿನಂಥ ಸೊಂಡಿಲನ್ನು ಮಣ್ಣಿನ ಬಿರುಕಿಗೆ ಇಳಿಸಿತು. ಮೇಲೆ ಮಾಸಿದ ನೇರಳೆ ನೀಲಿ, ಆದರೆ ರೆಕ್ಕೆ ಮಡಚಿದ ಮೇಲೆ ಕಾಣೋದು ಬೂದುಗಂದು ಬಣ್ಣ. ಗುರುತು ಸಿಗೋದೂ ಅಲ್ಲೇ. ಮುಂದಿನ ರೆಕ್ಕೆಯ ಬುಡದಲ್ಲಿ ಒಂದು ಕಂದು ಗೀಟು, ಹಿಂದಿನ ರೆಕ್ಕೆಯಲ್ಲಿ ಬಿಳಿ ಉಂಗುರ ತೊಟ್ಟ ಕಪ್ಪು ಚುಕ್ಕಿ. ಬೇರೆ ಕೆಲವು ನೀಲಿ ಚಿಟ್ಟೆಗಳಿಗಿರುವ ಎಳೆಬಾಲ ಇದಕ್ಕಿಲ್ಲ. ಮಡಚಿದ ರೆಕ್ಕೆಗೆ ಕ್ಯಾಮೆರಾ ನೇರ ಎದುರಾಗಿದ್ದರೆ ಮಾತ್ರ ಅಷ್ಟೂ ಚುಕ್ಕಿ ಸ್ಪಷ್ಟವಾಗಿ ಬರುತ್ತವೆ. ಸ್ವಲ್ಪ ಓರೆಯಾದರೂ ಅರ್ಧ ಮಸುಕು.

ಹೆಣ್ಣು ಬೇಕಾದರೆ ಕೆಸರು ಬಿಟ್ಟು ಜಾಲಿಯ ಮೊಗ್ಗಿನ ಹತ್ತಿರ ನಿಲ್ಲಬೇಕು. ಒಂದು ಹೆಣ್ಣು ಹೊಟ್ಟೆ ಬಗ್ಗಿಸಿ ಮೊಗ್ಗಿಗೆ ಒಂದೇ ಒಂದು ಮೊಟ್ಟೆ ಅಂಟಿಸಿ ಹಾರಿದ್ದನ್ನು ನೋಡಿ ಉಸಿರು ಹಿಡಿದಿದ್ದೆ. ಮರಿಹುಳುವಿಗೆ ಆ ಮೊಗ್ಗು, ಎಳೆಚಿಗುರೇ ಊಟ.

ಈ ಜಾತಿ ಆಫ್ರಿಕಾದಿಂದ ಅರೇಬಿಯಾ ದಾಟಿ ಭಾರತದವರೆಗೂ ಇದೆ. ರಜೆಗೆ ಊರಿಗೆ ಬಂದಾಗ ಹೊಲದ ಬದುವಿನ ಕರಿಜಾಲಿ ಕೆಳಗೆ, ಎತ್ತು ಕಟ್ಟುವ ಜಾಗದಲ್ಲಿ ಹಾಗೇ ಮಲಗಿದೆ. ಅದೇ ಗೀಟು, ಅದೇ ಚುಕ್ಕಿ. ಅಪ್ಪ ಬಂದು, "ಏನ್ ಹುಡುಕಾಕತ್ತೀಯೋ?" ಅಂದರು. ತೋರಿಸಿದೆ.

"ಈ ಪಾತರಗಿತ್ತಿನಾ? ಇವು ದಿನಾ ಇಲ್ಲೇ ಇರ್ತಾವಲ್ಲೋ," ಅಂತ ಹೇಳಿ ಅಪ್ಪನೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು.