ರಾತ್ರಿ ಹತ್ತು ಗಂಟೆಯ ಆಲೂಗಡ್ಡೆ

ನನಗೆ ಸಿಹಿ ಅಂದರೆ ಅಂಥ ಆಸೆ ಇಲ್ಲ. ಕೇಕ್ ಮುಂದಿಟ್ಟರೂ ಒಂದು ತುಂಡು ತಿಂದು ಸುಮ್ಮನಾಗಿಬಿಡುತ್ತೇನೆ. ಅದಕ್ಕೇ ಸಕ್ಕರೆ ಕಾಯಿಲೆ ನನ್ನ ಹತ್ತಿರ ಸುಳಿಯೋದಿಲ್ಲ ಅಂತ ಒಂದು ಹುಚ್ಚು ಧೈರ್ಯ ಇತ್ತು. ನಾನು ಸೋಲುತ್ತಿದ್ದದ್ದು ಆಲೂಗಡ್ಡೆಗೆ.

ಹುರಿದದ್ದು, ಕರಿದದ್ದು, ಸುಟ್ಟದ್ದು ಯಾವುದಾದರೂ ಸರಿ. ಆದರೆ ನನ್ನ ಜೀವ ಇದ್ದದ್ದು ಒಂದೇ ರೂಪದಲ್ಲಿ. ಮೂರು ದೊಡ್ಡ ಆಲೂಗಡ್ಡೆ ಬೇಯಿಸಿ, ಸಿಪ್ಪೆ ತೆಗೆದು, ಬಿಸಿ ಇರುವಾಗಲೇ ಕಿವುಚಿ, ಎರಡು ಚಮಚ ಬೆಣ್ಣೆ, ಉಪ್ಪು, ಕಾಳುಮೆಣಸಿನ ಪುಡಿ. ಒಂದು ಆಳವಾದ ಬಿಳಿ ಬಟ್ಟಲಿನಲ್ಲಿ ಹಾಕಿಕೊಂಡು, ಮನೆಯವರೆಲ್ಲ ಮಲಗಿದ ಮೇಲೆ, ರಾತ್ರಿ ಹತ್ತು ಗಂಟೆಗೆ, ಚಮಚದಲ್ಲಿ ತಿನ್ನೋದು. ಊಟ ಆಗಿರುತ್ತಿತ್ತು, ಹೊಟ್ಟೆ ಹಸಿದಿರುತ್ತಿರಲಿಲ್ಲ. ಆದರೂ ಆ ಬಟ್ಟಲು ಇಲ್ಲದೆ ದಿನ ಮುಗಿಯುತ್ತಿರಲಿಲ್ಲ. ವಾರಕ್ಕೆ ನಾಲ್ಕೈದು ಸಲ, ಸುಮಾರು ಹನ್ನೆರಡು ವರ್ಷ.

ಒಂದು ಸಲ ಬೇರೆ ಯಾವುದೋ ಕಾರಣಕ್ಕೆ ರಕ್ತ ಪರೀಕ್ಷೆ ಮಾಡಿಸಿದೆ. ಕೆಂಪು ರಕ್ತಕಣಗಳಿಗೆ ಅಂಟಿಕೊಂಡ ಸಕ್ಕರೆಯನ್ನು ಅಳೆಯುವ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು ಅನ್ನುತ್ತಾರೆ. ವೈದ್ಯರು ಮಾತ್ರೆ ಬರೆಯಲಿಲ್ಲ. "ಏನೇನು ತಿಂತೀರಿ, ಒಂದು ವಾರ ಬರೆದು ತನ್ನಿ" ಅಂದರು. ಬರೆದು ತೆಗೆದುಕೊಂಡು ಹೋದೆ. ತರಕಾರಿ ಅನ್ನುವ ಸಾಲಿನಲ್ಲಿ ಆಲೂಗಡ್ಡೆಯನ್ನೂ ಸೇರಿಸಿದ್ದೆ. ಅವರು ಪೆನ್ನು ತೆಗೆದುಕೊಂಡು ಅಷ್ಟನ್ನೂ ಹೊಡೆದು ಹಾಕಿದರು. ಉಳಿದದ್ದು ಎರಡು ಟೊಮೆಟೊ, ಒಂದು ಸೌತೆಕಾಯಿ, ಒಂದಿಷ್ಟು ಬೀನ್ಸ್. ಒಂದು ವಾರಕ್ಕೆ!

ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕು ಅಂತ ಹೇಳುತ್ತದಲ್ಲ, ಆ ಲೆಕ್ಕದಲ್ಲಿ ಆಲೂಗಡ್ಡೆ ಬರೋದಿಲ್ಲ. ಪಿಷ್ಟ ತುಂಬಿದ ಗೆಡ್ಡೆಗಳನ್ನು ಅವರು ಹೊರಗಿಟ್ಟಿದ್ದಾರೆ. ನನಗೆ ಇದು ಅವತ್ತಿನವರೆಗೂ ಗೊತ್ತಿರಲಿಲ್ಲ. ಅಂಗಡಿಯಲ್ಲಿ ತರಕಾರಿ ಬುಟ್ಟಿಯಲ್ಲೇ ಇರುತ್ತದೆ, ತರಕಾರಿ ಅಲ್ಲ ಅಂದರೆ ಯಾರು ನಂಬುತ್ತಾರೆ?

ಅವತ್ತೇ ಆಲೂಗಡ್ಡೆ ಬಿಟ್ಟೆ. ಪೂರ್ತಿ. ಮನೆಯಲ್ಲಿದ್ದ ಎರಡು ಕೆಜಿ ಪಕ್ಕದ ಮನೆಗೆ ಕೊಟ್ಟೆ. ಮೊದಲ ವಾರ ಒಂದೂವರೆ ಕೆಜಿ ತೂಕ ಇಳಿಯಿತು, ನಾನು ಮೇಲೆ ಹಾರುತ್ತಿದ್ದೆ. ಆಮೇಲೆ ತಿಳಿಯಿತು, ಇಳಿದದ್ದರಲ್ಲಿ ಬಹುಪಾಲು ನೀರು. ನಮ್ಮ ದೇಹ ಪಿಷ್ಟದಿಂದ ಬಂದ ಸಕ್ಕರೆಯನ್ನು ಗ್ಲೈಕೋಜನ್ ಅಂತ ಕೂಡಿಟ್ಟುಕೊಳ್ಳುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಇರುತ್ತದೆ. ಪಿಷ್ಟ ಕಡಿಮೆಯಾದರೆ ಆ ದಾಸ್ತಾನು ಕರಗಿ ನೀರೂ ಹೋಗುತ್ತದೆ. ಎರಡನೇ ವಾರ ಮುಳ್ಳು ಅಲ್ಲೇ ನಿಂತಿತು. ಮೂರನೇ ವಾರ ಅರ್ಧ ಕೆಜಿ ವಾಪಸ್ ಬಂತು. ಮೊದಲ ವಾರದ ಇಳಿಕೆ ನೋಡಿ ಊರಿಗೆಲ್ಲ ಹೇಳಿಕೊಂಡು ಬರಬೇಡಿ, ನಾನು ಹೇಳಿಕೊಂಡು ಬಂದಿದ್ದೆ.

ಮೂರು ತಿಂಗಳು ಒಂದು ತುಣುಕು ಆಲೂಗಡ್ಡೆ ಮುಟ್ಟಲಿಲ್ಲ. ಕೆಂಪು ರಕ್ತಕಣಗಳ ಆಯಸ್ಸು ಸುಮಾರು 120 ದಿನ, ಹಾಗಾಗಿ ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಕಥೆ ಹೇಳುತ್ತದೆ. ಅದಕ್ಕಿಂತ ಮೊದಲು ಮತ್ತೆ ಮಾಡಿಸಿ ಪ್ರಯೋಜನ ಇಲ್ಲ ಅಂದಿದ್ದರು. ಕಾದು ಕಾದು ಮಾಡಿಸಿದೆ. 6.0.

ನನಗೆ ಅಳು ಬಂತು, ನಿಜವಾಗಿ. ಇಷ್ಟೆಲ್ಲ ಬಿಟ್ಟು ಬರೀ 0.1 ಇಳಿಕೆ!

ಎಲ್ಲಿ ತಪ್ಪಿದೆ ಅಂತ ಹುಡುಕಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ರಾತ್ರಿ ಹತ್ತಕ್ಕೆ ಕೈ ಈಗಲೂ ಅಡುಗೆಮನೆ ಕಡೆ ಹೋಗುತ್ತಿತ್ತು. ಆಲೂಗಡ್ಡೆ ಇಲ್ಲ ಅಂತ ಬಿಳಿ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ತಿನ್ನುತ್ತಿದ್ದೆ. ಎರಡು ತುಂಡು ಅಂತ ಶುರುವಾಗಿ ನಾಲ್ಕಕ್ಕೆ ನಿಲ್ಲುತ್ತಿತ್ತು. ಊಟ ಆದ ಮೇಲೆ ರಕ್ತದಲ್ಲಿ ಸಕ್ಕರೆ ಎಷ್ಟು ಬೇಗ ಏರುತ್ತದೆ ಅಂತ ಅಳೆಯುವ ಗ್ಲೈಸೀಮಿಕ್ ಇಂಡೆಕ್ಸ್ ಅಂತ ಒಂದಿದೆ. ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಅವರ ತಂಡ 1981ರಲ್ಲಿ ತಂದ ಅಳತೆ. ಅದರಲ್ಲಿ ಗ್ಲೂಕೋಸಿಗೆ 100. ಬೇಯಿಸಿದ ಆಲೂಗಡ್ಡೆಗೆ ಸುಮಾರು 78. ಬಿಳಿ ಬ್ರೆಡ್ಡಿಗೆ ಸುಮಾರು 75. ತಳಿ, ಬೇಯಿಸುವ ರೀತಿ ನೋಡಿಕೊಂಡು ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ, ಅಷ್ಟೇ. ಅಂದರೆ ಮೂರು ತಿಂಗಳು ನಾನು ಮಾಡಿದ ತಪಸ್ಸು 78ರಿಂದ 75ಕ್ಕೆ ಇಳಿದದ್ದು!

ಇನ್ನೂ ಹೊಟ್ಟೆ ಉರಿಸುವ ವಿಷಯ ಒಂದಿದೆ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸುಸಾನಾ ಹೋಲ್ಟ್ ಮತ್ತು ಸಂಗಡಿಗರು 38 ತಿನಿಸುಗಳನ್ನು ಒಂದೇ ಪ್ರಮಾಣದ ಕ್ಯಾಲೊರಿಯಲ್ಲಿ ಜನರಿಗೆ ಕೊಟ್ಟು, ಯಾವುದು ಹೆಚ್ಚು ಹೊಟ್ಟೆ ತುಂಬಿಸುತ್ತದೆ ಅಂತ ನೋಡಿದರು. ಬಿಳಿ ಬ್ರೆಡ್ಡಿಗೆ 100 ಅಂತ ಇಟ್ಟರೆ ಬೇಯಿಸಿದ ಆಲೂಗಡ್ಡೆಗೆ 323 ಬಂತು. ಎಲ್ಲಕ್ಕಿಂತ ಮೇಲೆ! ನಾನು ಬಿಟ್ಟದ್ದು ಹೊಟ್ಟೆ ತುಂಬಿಸುವುದನ್ನು, ಹಿಡಿದುಕೊಂಡದ್ದು ತುಂಬಿಸದೇ ಇರುವುದನ್ನು. ನಾಲ್ಕು ತುಂಡು ಯಾಕೆ ಬೇಕಾಗುತ್ತಿತ್ತು ಅಂತ ಆಗ ಅರ್ಥವಾಯಿತು.

ಹಾಗಾದರೆ ಆಲೂಗಡ್ಡೆ ಒಳ್ಳೆಯದಾ ಕೆಟ್ಟದ್ದಾ? ಈ ಪ್ರಶ್ನೆ ಹಿಡಿದುಕೊಂಡು ಒಂದು ತಿಂಗಳು ತಲೆ ಕೆಡಿಸಿಕೊಂಡೆ. ಪ್ರಶ್ನೆಯೇ ತಪ್ಪು ಅಂತ ಕೊನೆಗೆ ಅನಿಸಿತು. ನೂರು ಗ್ರಾಂ ಬೇಯಿಸಿದ ಆಲೂಗಡ್ಡೆಯಲ್ಲಿ 87 ಕ್ಯಾಲೊರಿ. ಅದರ ಮುಕ್ಕಾಲು ಪಾಲು ಬರೀ ನೀರು. ಪೊಟ್ಯಾಸಿಯಂ ಇದೆ, ವಿಟಮಿನ್ ಸಿ ಇದೆ. ಅದನ್ನೇ ತೆಳ್ಳಗೆ ಹೆಚ್ಚಿ ಎಣ್ಣೆಯಲ್ಲಿ ಕರಿದು ಚಿಪ್ಸ್ ಮಾಡಿದರೆ ನೂರು ಗ್ರಾಂಗೆ 500 ದಾಟುತ್ತದೆ. ನೀರು ಹೋಗಿ ಆ ಜಾಗಕ್ಕೆ ಎಣ್ಣೆ ಬಂದು ಕೂರುತ್ತದೆ. ನನ್ನ ಬಿಳಿ ಬಟ್ಟಲು ಇವೆರಡರ ನಡುವೆ ಎಲ್ಲೋ ಇತ್ತು. ನುಣ್ಣಗೆ ಕಿವುಚಿದ್ದರಿಂದ ಅಗಿಯುವ ಕೆಲಸವೂ ಇಲ್ಲ, ಐದು ನಿಮಿಷದಲ್ಲಿ ಮೂರು ಗೆಡ್ಡೆ ಒಳಗೆ. ಅದೂ ಊಟದ ಮೇಲೆ. ಗೆಡ್ಡೆಯ ತಪ್ಪು ಎಷ್ಟು, ಆ ಹೊತ್ತಿನ ತಪ್ಪು ಎಷ್ಟು?

ಇದನ್ನು ತಿಳಿಯಲು ಒಂದು ಕೆಲಸ ಮಾಡಿದೆ. ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ. ಆಸೆ ಬಂದಾಗಲೆಲ್ಲ ಎಷ್ಟು ಗಂಟೆ, ಅದಕ್ಕೆ ಮುಂಚೆ ಏನು ನಡೆಯಿತು, ಹೊಟ್ಟೆ ಹಸಿದಿತ್ತಾ, ಮೂರೇ ಮಾತು ಬರೆಯೋದು. ತಿನ್ನಬಾರದು ಅಂತ ನಿಯಮ ಇಲ್ಲ, ಬರೆಯದೆ ತಿನ್ನಬಾರದು ಅಂತ ಮಾತ್ರ. ಎರಡು ವಾರದಲ್ಲಿ 23 ಸಲ ಬರೆದೆ. ಅದರಲ್ಲಿ 17 ರಾತ್ರಿ ಒಂಬತ್ತರ ಮೇಲೆ. ಹಸಿವು ಅಂತ ಬರೆದದ್ದು ನಾಲ್ಕೇ ನಾಲ್ಕು. ಉಳಿದ ಕಡೆ 'ಕೆಲಸ ಮುಗಿಯಲಿಲ್ಲ', 'ಫೋನಿನಲ್ಲಿ ಜಗಳ', 'ಸುಮ್ನೆ', 'ಸುಮ್ನೆ', 'ಎಲ್ಲರೂ ಮಲಗಿದರು'.

'ಎಲ್ಲರೂ ಮಲಗಿದರು' ಅಂತ ಐದು ಸಲ ಇತ್ತು. ಓದುವಾಗ ಸ್ವಲ್ಪ ನಾಚಿಕೆ ಆಯಿತು. ದಿನವಿಡೀ ಅವರಿವರ ಕೆಲಸ ಮಾಡಿ, ನನ್ನದು ಅಂತ ಸಿಗುತ್ತಿದ್ದ ಹೊತ್ತು ಅದೊಂದೇ. ಆ ಹೊತ್ತಿಗೆ ಬೆಚ್ಚಗೆ, ಮೆತ್ತಗೆ, ಉಪ್ಪುಪ್ಪಾಗಿ ಏನಾದರೂ ಬೇಕು, ಚಮಚದಲ್ಲಿ ತಿನ್ನುವಂತಿರಬೇಕು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುವ ಹಾಗಿರಬೇಕು. ಆಲೂಗಡ್ಡೆಯೇ ಆಗಬೇಕು ಅಂತೇನೂ ಇರಲಿಲ್ಲ.

ಮೊದಲು ಹೂಕೋಸು ಬೇಯಿಸಿ ಕಿವುಚಿ ನೋಡಿದೆ. ಎಲ್ಲರೂ ಹೇಳುವ ಉಪಾಯ ಅದು. ನಾನೇ ಮಾಡಿ, ಬೆಣ್ಣೆ ಹಾಕಿ, ಅದೇ ಬಟ್ಟಲಿಗೆ ಹಾಕಿಕೊಂಡೆ. ಮಗಳು ಎದ್ದು ಬಂದವಳು ಒಂದು ಚಮಚ ತಿಂದು, "ಅಮ್ಮಾ, ಪಾಪ ಇದು ಆಲೂಗಡ್ಡೆ ಆಗೋಕೆ ತುಂಬಾ ಕಷ್ಟಪಡ್ತಿದೆ" ಅಂದಳು. ಅದು ನಿಜ. ನಕಲಿ ಮಾಡಿದಷ್ಟೂ ಅಸಲಿ ನೆನಪಾಗುತ್ತದೆ. ಹೂಕೋಸಿಗೂ ಅವಮಾನ, ನನಗೂ ಅತೃಪ್ತಿ. ಕೆಲವರಿಗೆ ಇದು ಒಗ್ಗಿದೆ ಅಂತ ಕೇಳಿದ್ದೇನೆ. ನನಗೆ ಒಗ್ಗಲಿಲ್ಲ.

ಕೆಲಸಕ್ಕೆ ಬಂದದ್ದು ಬೇಳೆ. ಬೇಳೆಯನ್ನು ಮೆತ್ತಗೆ ಬೇಯಿಸಿ, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ, ಚಮಚ ನಿಲ್ಲುವಷ್ಟು ಗಟ್ಟಿಯಾಗಿ ಕುದಿಸಿ, ಒಂದು ಸಣ್ಣ ಬಟ್ಟಲು. ಇದು ಆಲೂಗಡ್ಡೆಯ ಹಾಗೆ ನಟಿಸುವುದಿಲ್ಲ. ಆದರೆ ಬೆಚ್ಚಗಿದೆ, ಮೆತ್ತಗಿದೆ, ಉಪ್ಪಿದೆ. ಬೇಳೆ ಕಾಳುಗಳ ಗ್ಲೈಸೀಮಿಕ್ ಇಂಡೆಕ್ಸ್ 30ರ ಆಸುಪಾಸು. ನಾರು, ಪ್ರೋಟೀನ್ ಎರಡೂ ಇರುವುದರಿಂದ ಅರ್ಧ ಬಟ್ಟಲಿಗೇ ಸಾಕು ಅನಿಸುತ್ತದೆ. ಬಟ್ಟಲನ್ನೂ ಬದಲಾಯಿಸಿದೆ. ಆ ಬಿಳಿ ಬಟ್ಟಲು ನೋಡಿದರೆ ಬಾಯಲ್ಲಿ ನೀರು ಬರುತ್ತಿತ್ತು, ತಮಾಷೆಗೆ ಹೇಳುತ್ತಿಲ್ಲ. ಈಗ ಅದರಲ್ಲಿ ಮರುದಿನಕ್ಕೆ ಕಡಲೆಕಾಳು ನೆನೆಹಾಕುತ್ತೇನೆ.

ಮೊದಲ ಎರಡು ವಾರ ಸಿಡುಕು ಜಾಸ್ತಿ ಇತ್ತು. ಮನೆಯವರು ಏನಾದರೂ ಕೇಳಿದರೆ ಕಚ್ಚುವ ಹಾಗೆ ಉತ್ತರ ಕೊಡುತ್ತಿದ್ದೆ. "ಒಂದು ಆಲೂಗಡ್ಡೆ ತಿಂದುಬಿಡೇ, ನಾವೂ ನೆಮ್ಮದಿಯಾಗಿ ಇರ್ತೀವಿ" ಅಂತ ಅವರು ಒಂದು ದಿನ ಹೇಳಿಯೇಬಿಟ್ಟರು. ಆಸೆ ಬಂದಾಗ ಇಪ್ಪತ್ತು ನಿಮಿಷ ಬೇರೆ ಏನಾದರೂ ಮಾಡಿದರೆ ಅದರ ಬಿಸಿ ಇಳಿಯುತ್ತದೆ ಅಂತ ಹಾಳೆ ನೋಡಿ ತಿಳಿದಿತ್ತು. ನಾನು ಬಟ್ಟೆ ಮಡಚುತ್ತಿದ್ದೆ. ಆ ಎರಡು ವಾರ ನಮ್ಮ ಮನೆಯಲ್ಲಿ ಮಡಚದ ಬಟ್ಟೆಯೇ ಇರಲಿಲ್ಲ.

21 ದಿನ ಮಾಡಿದರೆ ಯಾವುದೂ ಅಭ್ಯಾಸ ಆಗುತ್ತದೆ ಅಂತ ಒಂದು ಮಾತು ಓಡಾಡುತ್ತದೆ, ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಇದನ್ನು ಅಳೆದು ನೋಡಿದಾಗ ಸರಾಸರಿ 66 ದಿನ ಬಂತು. ಕೆಲವರಿಗೆ 18 ದಿನ ಸಾಕಾದರೆ ಕೆಲವರ ಲೆಕ್ಕ 254ರವರೆಗೆ ಹೋಯಿತು. ನನಗೆ ಸುಮಾರು ನೂರು ದಿನ ಹಿಡಿಯಿತು. 22ನೇ ದಿನ ಆಸೆ ಹಾಗೇ ಇದ್ದಾಗ ನನ್ನಲ್ಲೇ ಏನೋ ಕೊರತೆ ಅಂದುಕೊಂಡಿದ್ದೆ, ಅದೊಂದು ಸುಮ್ಮನೆ ಪಟ್ಟ ಬೇಜಾರು.

ಬ್ರೆಡ್ಡನ್ನು ಮನೆಗೆ ತರುವುದು ನಿಲ್ಲಿಸಿದೆವು. ಊಟದಲ್ಲಿ ತರಕಾರಿ, ಕಾಳು ಮೊದಲು, ಪಿಷ್ಟ ಕೊನೆಗೆ ಅಂತ ಮಾಡಿಕೊಂಡೆ; ಹಾಗೆ ತಿಂದರೆ ಸಕ್ಕರೆ ಏರುವುದು ನಿಧಾನವಾಗುತ್ತದೆ. ಊಟ ಆದ ಮೇಲೆ ಹದಿನೈದು ನಿಮಿಷ ನಡಿಗೆ. ಇದೆಲ್ಲ ಹೇಳೋಕೆ ಸುಲಭ, ಮಾಡೋಕೂ ಅಂಥ ಕಷ್ಟವಿಲ್ಲ, ಅದಕ್ಕೇ ಬೆಳೆಸುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಈಗಾಗಲೇ ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಪಿಷ್ಟವನ್ನು ಒಮ್ಮೆಲೇ ಕಡಿಮೆ ಮಾಡಿದರೆ ಸಕ್ಕರೆ ತೀರಾ ಕೆಳಗೆ ಹೋಗಬಹುದು. ಅಂಥವರು ವೈದ್ಯರನ್ನು ಕೇಳದೆ ನನ್ನ ಹಾಗೆ ಅವತ್ತೇ ಬಿಡುವ ಕೆಲಸ ಮಾಡಬಾರದು.

ಆರನೇ ತಿಂಗಳಲ್ಲಿ 5.8 ಬಂತು. ಹತ್ತನೇ ತಿಂಗಳಲ್ಲಿ 5.6. ತೂಕ ಒಟ್ಟು ಐದು ಕೆಜಿ ಇಳಿದಿದೆ, ನಿಧಾನಕ್ಕೆ, ಯಾರಿಗೂ ಗೊತ್ತಾಗದ ಹಾಗೆ. ಈ ಸಲ ಯಾರಿಗೂ ಹೇಳಿಕೊಂಡೂ ಬರಲಿಲ್ಲ.

ಆಲೂಗಡ್ಡೆಯನ್ನು ಮತ್ತೆ ಮನೆಗೆ ಕರೆದದ್ದು ಆಮೇಲೆ. ವಾರಕ್ಕೆ ಒಂದು ಸಲ, ಹಗಲು ಹೊತ್ತು, ಎಲ್ಲರ ಜೊತೆ ಕೂತು ಊಟ ಮಾಡುವಾಗ. ಸಿಪ್ಪೆ ಸಮೇತ ಬೇಯಿಸಿ, ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿಟ್ಟು, ಮರುದಿನ ದಪ್ಪ ಹೋಳು ಮಾಡಿ ಸೊಪ್ಪು, ಕಾಳು, ನಿಂಬೆರಸದ ಜೊತೆ ಕಲಸುತ್ತೇನೆ. ಬೆಂದ ಪಿಷ್ಟ ತಣ್ಣಗಾದಾಗ ಅದರಲ್ಲಿ ಸ್ವಲ್ಪ ಭಾಗ ಮತ್ತೆ ಬಿಗಿಯಾಗಿ ಜೋಡಿಕೊಂಡು, ಸಣ್ಣ ಕರುಳಿನಲ್ಲಿ ಕರಗದ ಪಿಷ್ಟವಾಗುತ್ತದೆ. ಅದು ನಾರಿನ ಹಾಗೆ ದೊಡ್ಡ ಕರುಳಿಗೆ ಹೋಗುತ್ತದೆ. ಹಾಗಂತ ತಣ್ಣಗೆ ಮಾಡಿ ಎಷ್ಟು ಬೇಕಾದರೂ ತಿನ್ನಬಹುದು ಅಂತಲ್ಲ, ಬದಲಾಗುವುದು ಸ್ವಲ್ಪ ಪಾಲು ಮಾತ್ರ. ಹೋಳು ದಪ್ಪಗಿರುವುದರಿಂದ ಅಗಿಯಬೇಕು. ಅಗಿಯುತ್ತಾ ಹೋದರೆ ಒಂದು ಸಣ್ಣ ಸಿಹಿ ಬರುತ್ತದೆ, ಎಂಜಲು ಪಿಷ್ಟವನ್ನು ಒಡೆಯುವ ಸಿಹಿ. ಹನ್ನೆರಡು ವರ್ಷ ನುಂಗಿದ್ದೇನೆ, ಈ ರುಚಿ ಗೊತ್ತೇ ಆಗಿರಲಿಲ್ಲ.

ಕಿವುಚಿ ಬೆಣ್ಣೆ ಹಾಕಿದ್ದು? ಅದನ್ನು ವಾಪಸ್ ತಂದಿಲ್ಲ. ಒಂದು ಸಲ ಪ್ರಯತ್ನಿಸಿದೆ, ಸಣ್ಣ ಬಟ್ಟಲು ಸಾಕು ಅಂತ. ನಾಲ್ಕೇ ದಿನದಲ್ಲಿ ಮತ್ತೆ ಮೂರು ಗೆಡ್ಡೆಗೆ ಬಂದು ನಿಂತಿದ್ದೆ. ಹಿತಮಿತ ಅನ್ನೋದು ಎಲ್ಲಾ ತಿನಿಸಿಗೂ ನನಗೆ ಬರುತ್ತದೆ, ಇದೊಂದಕ್ಕೆ ಬರೋದಿಲ್ಲ. ಒಪ್ಪಿಕೊಂಡುಬಿಟ್ಟಿದ್ದೇನೆ.

ಚಿಪ್ಸ್ ವಿಷಯದಲ್ಲಿ ಇನ್ನೂ ಜಗಳ ನಡೀತಾ ಇದೆ. ನಾನು ಕೊಳ್ಳುವುದಿಲ್ಲ, ಪೊಟ್ಟಣ ಒಡೆಯುವುದಿಲ್ಲ. ಬೇರೆ ಯಾರಾದರೂ ಪಕ್ಕದಲ್ಲಿ ಒಡೆದರೆ ನೀರು ಕುಡಿದು ಬರುತ್ತೇನೆ ಅಂತ ಎದ್ದು ಹೋಗುತ್ತೇನೆ. ಎಷ್ಟೋ ಸಲ ವಾಪಸ್ ಬರುವಷ್ಟರಲ್ಲಿ ಪೊಟ್ಟಣ ಖಾಲಿ ಆಗಿರುತ್ತದೆ. ಆಗಿರದಿದ್ದರೆ, ಬೇಗ ತಿನ್ರೋ ಅಂತ ಅವರನ್ನೇ ಗದರುತ್ತೇನೆ.