ಬಕೆಟ್ಟಿನ ಮೇಲೆ ತಪ್ಪು ಹೊರಿಸುವ ಮುನ್ನ

ಸೊಂಟ ಹಿಡಿದವರಿಗೆ ಒಬ್ಬ ಅಪರಾಧಿ ಬೇಕು. ಬಕೆಟ್ಟು, ಹಾಸಿಗೆ, ಮೆಟ್ಟಿಲು, ರಾತ್ರಿಯಿಡೀ ತಿರುಗಿದ ಫ್ಯಾನು. ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಫಿಸಿಯೋಥೆರಪಿ ಮಾಡುವ ನನ್ನೆದುರು ಕೂರುವ ನಮ್ಮ ಕನ್ನಡಿಗರಲ್ಲಿ ಹೆಚ್ಚಿನವರು "ನಿನ್ನೆ ಬಕೆಟ್ ಎತ್ತಿದೆ, ಅಲ್ಲೇ ಹಿಡಿಯಿತು" ಎಂದೇ ಮಾತು ಶುರುಮಾಡುತ್ತಾರೆ. ಆದರೆ ಅದೇ ಬಕೆಟ್ಟನ್ನು ವರ್ಷಗಟ್ಟಲೆ ಎತ್ತಿದ್ದಾರಲ್ಲ, ನಿನ್ನೆ ಮಾತ್ರ ಏನಾಯಿತು? ಹಿಂದಿನ ಎರಡು ವಾರದ ಕತೆ ಕೇಳಿದರೆ ಒಂದೊಂದೇ ಹೊರಬೀಳುತ್ತದೆ: ಊರಿನ ಕೋಲಕ್ಕೆ ಹೋಗಿ ಬಂದ ರಾತ್ರಿ ಬಸ್ಸು, ನಿದ್ದೆಗೆಟ್ಟ ವಾರ, ಆಫೀಸಿನಲ್ಲಿ ಮಾರ್ಚ್ ತಿಂಗಳ ಲೆಕ್ಕದ ಗಡಿಬಿಡಿ, ನಿಂತೇಹೋದ ಬೆಳಗಿನ ವಾಕಿಂಗು. ಬಕೆಟ್ಟು ಕೊನೆಗೆ ಬಂದು ಸಿಕ್ಕಿಬಿದ್ದ ಆಸಾಮಿ.

ದಿನವೂ ಎಷ್ಟು ಕೆಲಸ ಬೀಳುತ್ತದೋ ಅಷ್ಟಕ್ಕೆ ಮೈ ಒಗ್ಗಿಕೊಳ್ಳುತ್ತದೆ. ಕೆಲಸ ಕಡಿಮೆಯಾದರೆ ತಾಕತ್ತೂ ಇಳಿಯುತ್ತದೆ, ನಿಧಾನವಾಗಿ ಏರಿಸಿದರೆ ಏರುತ್ತದೆ. ಸ್ನಾಯುಗಳು ಕೆಲವೇ ವಾರಗಳಲ್ಲಿ ಬಲಗೊಳ್ಳುತ್ತವೆ. ಅವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಈ ಅಂತರದಲ್ಲೇ ಎಷ್ಟೋ ಪೆಟ್ಟುಗಳು ಹುಟ್ಟುತ್ತವೆ. ನಮ್ಮ ಹವ್ಯಾಸಿ ಯಕ್ಷಗಾನದವರನ್ನೇ ನೋಡಿ. ಊರಿನ ಮೇಳದ ವೇಷಧಾರಿ ದೀಪಾವಳಿಯ ಹೊತ್ತಿನಿಂದ ಮೇ ಕೊನೆಯ ಪತ್ತನಾಜೆಯವರೆಗೆ ರಾತ್ರಿ ರಾತ್ರಿ ಕುಣಿಯುತ್ತಾನೆ. ಅವನಿಗೂ ಮಂಡಿ ನೋವು ಬರುವುದಿಲ್ಲವೆಂದಲ್ಲ, ಆದರೆ ಅವನ ಕಾಲಿಗೆ ಆ ಕೆಲಸದ ರೂಢಿಯಿದೆ. ಮುಂಬಯಿಯ ಬ್ಯಾಂಕ್ ನೌಕರ ವರ್ಷವಿಡೀ ಕುರ್ಚಿಯಲ್ಲಿದ್ದು, ವಾರ್ಷಿಕೋತ್ಸವಕ್ಕೆ ಹದಿನೈದು ದಿನವಿರುವಾಗ ಸಭಾಂಗಣದ ಗ್ರಾನೈಟ್ ನೆಲದಲ್ಲಿ ಬಡಗುತಿಟ್ಟಿನ ಮಂಡಿ ಕುಣಿತ ಅಭ್ಯಾಸ ಮಾಡಿದರೆ? ಜನವರಿಯ ಮುಂಬಯಿ ಮ್ಯಾರಥಾನಿಗೆ ಮಳೆ ನಿಂತ ಮೇಲೆ, ನವೆಂಬರಿನಲ್ಲಿ, ಶೂ ಕೊಳ್ಳುವವರ ಪಾಡೂ ಇದೇ.

ಹಾಗಾಗಿ "ಯಾವುದು ತಪ್ಪು ಚಲನೆ" ಎಂಬ ಪ್ರಶ್ನೆಯನ್ನು ಸ್ವಲ್ಪ ಬದಿಗಿಡೋಣ. ನಿಮ್ಮ ಮೈಗೆ ಯಾವುದು ಅತಿಯಾಗುತ್ತಿದೆ, ಯಾವುದು ಸಿಗುತ್ತಲೇ ಇಲ್ಲ ಎಂದು ಹುಡುಕುವುದು ಹೇಗೆ ಎಂಬುದು ಇಲ್ಲಿದೆ.

ಮೊದಲು, ಒಂದು ದಿನವನ್ನು ಕಾಗದಕ್ಕೆ ಇಳಿಸಿ

ಭಾನುವಾರ ಬೇಡ, ಮಾಮೂಲಿ ಕೆಲಸದ ದಿನವೇ ಆಗಲಿ. ಎದ್ದಲ್ಲಿಂದ ಮಲಗುವವರೆಗೆ ಯಾವ ಭಂಗಿಯಲ್ಲಿ ಎಷ್ಟು ಹೊತ್ತು, ಎಲ್ಲಿ ಭಾರ ಎತ್ತಿದಿರಿ, ಎಷ್ಟು ನಡೆದಿರಿ, ಎಷ್ಟು ಗಂಟೆ ನಿದ್ದೆ ಎಂದು ಬರೆಯಿರಿ. ಡೊಂಬಿವಲಿಯಿಂದ ಮುಂಬಯಿಯ ಕೊನೆಯ ಸ್ಟೇಷನ್ ಸಿಎಸ್‌ಎಂಟಿಗೆ ಸುಮಾರು 48 ಕಿ.ಮೀ. ಫಾಸ್ಟ್ ಲೋಕಲ್ ಗಾಡಿಯಲ್ಲೂ ಒಂದು ಗಂಟೆಗೆ ಮೇಲೆ. ನಿಂತು ಹೋಗಿ, ಆಫೀಸಿನಲ್ಲಿ ಕೂತು, ಮತ್ತೆ ನಿಂತು ಬಂದು, ಸೋಫಾದಲ್ಲಿ ಮೊಬೈಲ್ ಹಿಡಿದರೆ ಒಟ್ಟು ನಡಿಗೆ ಸ್ಟೇಷನ್ನಿನಿಂದ ರಿಕ್ಷಾ ಸ್ಟ್ಯಾಂಡಿನವರೆಗಿನದ್ದು ಮಾತ್ರ. ದಣಿವು ಬೆಟ್ಟದಷ್ಟಿದ್ದರೂ ವ್ಯಾಯಾಮ ಸೊನ್ನೆ. "ದಿನವೂ ಲೋಕಲ್‌ನಲ್ಲಿ ಇಷ್ಟು ಒದ್ದಾಡುತ್ತೇನೆ, ಬೇರೆ ವ್ಯಾಯಾಮ ಯಾಕೆ?" ಎಂದು ಕೇಳುವವರು ಈ ಕಾಗದವನ್ನು ಎರಡು ಸಲ ಓದಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ. ಗಾಡಿಯಲ್ಲಿ ನೇತಾಡುವುದು ಎರಡರಲ್ಲೂ ಸೇರುವುದಿಲ್ಲ.

ಆಮೇಲೆ, ಮೈಯನ್ನು ಪರೀಕ್ಷಿಸಿ

ಮನೆಯಲ್ಲೇ ಮಾಡಬಹುದಾದ ಮೂರು ಪರೀಕ್ಷೆಗಳು ಸಾಕು. ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ತಾಗಿಸಿಟ್ಟು, ಕೈಗಳನ್ನು ಎದೆಗೆ ಅಡ್ಡ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. 60ರಿಂದ 64 ವಯಸ್ಸಿನ ಗಂಡಸರಿಗೆ 14, ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ತೊಡೆಯ ಬಲ ಸಾಲದು ಎಂದು ಲೆಕ್ಕ. ನಲವತ್ತರಲ್ಲೇ ಅಷ್ಟಕ್ಕೆ ಏದುಸಿರು ಬಂದರೆ ಈ ಲೇಖನ ನಿಮಗಾಗಿಯೇ.

ಎರಡನೆಯದು, ಒಂಟಿಕಾಲಲ್ಲಿ ಹತ್ತು ಸೆಕೆಂಡು ನಿಲ್ಲುವುದು. ಪಕ್ಕದಲ್ಲಿ ಮೇಜೋ ಗೋಡೆಯೋ ಇರಲಿ.

ಮೂರನೆಯದು ಕಾಲಗಂಟಿನದ್ದು. ಹೆಬ್ಬೆರಳು ಗೋಡೆಯಿಂದ ಅರ್ಧ ಗೇಣು, ಅಂದರೆ ಸುಮಾರು 10 ಸೆಂ.ಮೀ. ದೂರವಿರುವಂತೆ ಪಾದವಿಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಲು ನೋಡಿ. ಮುಟ್ಟಲಿಲ್ಲವೇ? ದಾದರ್ ಸೇತುವೆಯ ಮೆಟ್ಟಿಲಿಳಿಯುವಾಗ ಮಂಡಿಯ ಮುಂಭಾಗ ನೋಯುವುದಕ್ಕೆ ಇದೂ ಒಂದು ಕಾರಣವಿರಬಹುದು. ಇಳಿಯುವಾಗ ಮಂಡಿಚಿಪ್ಪಿನ ಹಿಂದೆ ಬೀಳುವ ಒತ್ತಡ ಮೈತೂಕದ ಮೂರು ಪಟ್ಟಿನಷ್ಟಿರುತ್ತದೆ. ಕಾಲಗಂಟು ಬಾಗದಿದ್ದರೆ, ತೊಡೆ ಸೋತಿದ್ದರೆ, ಆ ಕೆಲಸವನ್ನು ಹಂಚಿಕೊಳ್ಳುವವರೇ ಇಲ್ಲ. ಚಕ್ಕಳಮಕ್ಕಳ ಕೂತು ಉಣ್ಣುವುದು, ಕುಕ್ಕರಗಾಲಲ್ಲಿ ಕೂರುವುದು ಎರಡೂ ಫ್ಲ್ಯಾಟಿನ ಬದುಕಿನಲ್ಲಿ ಬಿಟ್ಟುಹೋದವು. ಮಂಡಿ ಒಪ್ಪುವವರು ದಿನಕ್ಕೆ ಐದು ನಿಮಿಷ ನೆಲದ ಮೇಲೆ ಕೂತು ಎದ್ದರೂ ಲಾಭವೇ.

ಒಂದೇ ಭಂಗಿಯ ಸೆರೆ ಬಿಡಿಸಿಕೊಳ್ಳಿ

"ನೆಟ್ಟಗೆ ಕೂತ್ಕೊ" ಎಂಬ ಅಜ್ಜಿಯ ಬೈಗುಳಕ್ಕೆ ವಿಜ್ಞಾನದ ಬೆಂಬಲ ನಾವು ಅಂದುಕೊಂಡಷ್ಟಿಲ್ಲ. ನೆಟ್ಟಗೆ ಕೂತವರಿಗೂ ನಾಲ್ಕು ಗಂಟೆ ಅಲುಗದಿದ್ದರೆ ನೋವು ಬರುತ್ತದೆ. ಕುಗ್ಗಿ ಕೂತರೂ ಆಗಾಗ ಏಳುವವನು ಆರಾಮಾಗಿರುತ್ತಾನೆ. ಆಫೀಸಿನಲ್ಲಿ ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ಏಳಿ. ಫೋನ್ ಬಂದಾಗ ನಿಂತು ಮಾತಾಡಿ. ಇದಕ್ಕೆ ಆ್ಯಪ್ ಏನೂ ಬೇಡ, ಸಣ್ಣ ಬಾಟಲಿಯಲ್ಲಿ ನೀರಿಟ್ಟುಕೊಂಡರೆ ತುಂಬಿಸಲಿಕ್ಕಾದರೂ ಏಳಲೇಬೇಕು.

ಗಾಡಿಯ ಮಾತು ಬೇರೆ. ಬೆಳಗಿನ ಗರ್ದಿಯಲ್ಲಿ ಮೂಗು ತುರಿಸಲೂ ಜಾಗವಿರುವುದಿಲ್ಲ, ಇನ್ನು ವ್ಯಾಯಾಮ ಎಲ್ಲಿ? ಆದರೂ ಮಂಡಿಯನ್ನು ಬಿಗಿಯಾಗಿ ಲಾಕ್ ಮಾಡದೆ ಸ್ವಲ್ಪ ಸಡಿಲ ಬಿಡಬಹುದು, ತೂಕವನ್ನು ಒಂದು ಕಾಲಿಂದ ಇನ್ನೊಂದಕ್ಕೆ ದಾಟಿಸಬಹುದು, ಸ್ಟೇಷನ್ನಿಗೊಮ್ಮೆ ಹಿಡಿಕೆಯ ಕೈ ಬದಲಿಸಬಹುದು. ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೇ ಸೀಟು ಸಿಕ್ಕವರು ಅರ್ಧ ಪೃಷ್ಠ ಹೊರಗಿಟ್ಟು ಸೊಂಟ ತಿರುಚಿ ಕೂರುತ್ತಾರೆ. ಥಾಣೆಯವರೆಗೆ ಸರಿ, ಆಮೇಲೆ ಎದ್ದು ನಿಂತರೆ ಬೆನ್ನಿಗೆ ಸುಖ. ಸೀಟಿಗಾಗಿ ಅಷ್ಟು ಜಗಳಾಡಿ ಎದ್ದು ನಿಲ್ಲು ಎಂದರೆ ಯಾರೂ ಕೇಳುವುದಿಲ್ಲ, ಅದೂ ಗೊತ್ತು. ಕೂತು ಮೊಬೈಲ್ ನೋಡುವವರು ಮಡಿಲ ಮೇಲೆ ಬ್ಯಾಗಿಟ್ಟು ಅದರ ಮೇಲೆ ಕೈಯೂರಿದರೆ ಕತ್ತು ಅಷ್ಟು ಬಾಗುವುದಿಲ್ಲ.

ನಮ್ಮ ಹೋಟೆಲಿನವರ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಮಾಟುಂಗದಿಂದ ಮುಲುಂಡಿನವರೆಗಿನ ಯಾವುದೇ ಉಡುಪಿ ಹೋಟೆಲಿನ ಒಳಗೆ, ಬೆಳಗಿನ ಎಂಟು ಗಂಟೆಗೆ, ದೋಸೆ ಭಟ್ಟರ ಕಾಲು ನೋಡಿ. ಎರಡೂ ಪಾದ ಒಂದೇ ಕಡೆ ನೆಟ್ಟಿರುತ್ತವೆ, ಹಸಿ ಟೈಲ್ಸ್ ಮೇಲೆ ತೆಳ್ಳಗೆ ಸವೆದ ಹವಾಯಿ ಚಪ್ಪಲಿ. ಹಿಟ್ಟಿನ ಪಾತ್ರೆ ಎಡಕ್ಕೆ ನೆಲದ ಹತ್ತಿರ, ಕಾವಲಿ ಮುಂದೆ, ತಟ್ಟೆ ಬಲಕ್ಕೆ. ಪಾದ ಅಲ್ಲಾಡುವುದಿಲ್ಲ, ಸೊಂಟವೊಂದೇ ತಿರುಗುತ್ತದೆ, ನೂರಾರು ಸಲ. ಸೌಟು ತಿರುಗಿಸುವ ಬಲಭುಜ ಬೇರೆ. ಇದಕ್ಕೆ ದೊಡ್ಡ ಖರ್ಚೇನಿಲ್ಲ. ಹಿಟ್ಟಿನ ಪಾತ್ರೆಯನ್ನು ಸೊಂಟದ ಎತ್ತರಕ್ಕೆ ತನ್ನಿ. ಕಾವಲಿಯ ಕೆಳಗೆ ಒಂದು ಇಟ್ಟಿಗೆಯನ್ನೋ ಮರದ ತುಂಡನ್ನೋ ಇಟ್ಟು, ಒಂದೊಂದು ಪಾದವನ್ನು ಸರದಿಯಂತೆ ಅದರ ಮೇಲೇರಿಸಿ. ಚಪ್ಪಲಿ ಬದಲು ಜಾರದ ಅಟ್ಟೆಯ ಮುಚ್ಚಿದ ಶೂ ಹಾಕಿ. ಗಂಟೆಗೊಮ್ಮೆ ಕಾವಲಿಯವರು ಚಟ್ನಿಗೆ, ಚಟ್ನಿಯವರು ಕಾವಲಿಗೆ ಬದಲಾದರೆ ಇನ್ನೂ ಒಳ್ಳೆಯದು. ಗಲ್ಲಾದಲ್ಲಿ ಕೂತ ಮಾಲೀಕರು ಮನಸ್ಸು ಮಾಡಿದರೆ ನಾಳೆಯಿಂದಲೇ ಆಗುವ ಕೆಲಸ.

ಭಾರ ಎತ್ತುವ ಲೆಕ್ಕ

ಬೆನ್ನು ಬಗ್ಗಿಸಲೇಬಾರದು ಎಂದು ಹೆದರಿ ಬಿದಿರಿನಂತೆ ಸೆಟೆದು ಓಡಾಡುವವರಿದ್ದಾರೆ. ಬೆನ್ನು ಬಗ್ಗಲಿಕ್ಕೇ ಇರುವುದು. ಲೆಕ್ಕಕ್ಕೆ ಬರುವುದು ಭಾರ ಎಷ್ಟು, ಮೈಯಿಂದ ಎಷ್ಟು ದೂರ, ಎಷ್ಟು ಸಲ, ಎತ್ತಿಕೊಂಡೇ ತಿರುಗುತ್ತೀರಾ ಎಂಬುದು. ಎಲ್ಲವೂ ಅನುಕೂಲವಾಗಿರುವಾಗ ಒಬ್ಬರು ಎತ್ತುವ ಭಾರಕ್ಕೆ ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಶ್ (NIOSH) ಸಂಸ್ಥೆ ಇಟ್ಟಿರುವ ಮಿತಿ 23 ಕಿಲೋ. ನಮ್ಮ ಅಡುಗೆಮನೆಯ ತುಂಬಿದ ಸಿಲಿಂಡರಿನಲ್ಲಿ ಗ್ಯಾಸೇ 14.2 ಕಿಲೋ, ಉಕ್ಕಿನ ತೂಕ ಸೇರಿ 30ರ ಆಸುಪಾಸು. ಅದನ್ನು ಎತ್ತಬೇಡಿ, ಓರೆ ಮಾಡಿ ಉರುಳಿಸಿ. ಅಕ್ಕಿ ಮೂಟೆ 25 ಕಿಲೋ ಇದ್ದರೆ ಇಬ್ಬರು ಹಿಡಿಯಿರಿ. 15 ಕಿಲೋದ ಎಣ್ಣೆ ಡಬ್ಬಿಯನ್ನು ಹೊಟ್ಟೆಗೆ ತಾಗುವಷ್ಟು ಹತ್ತಿರ ತಂದು ಎತ್ತಿ, ತಿರುಗಬೇಕಾದಾಗ ಸೊಂಟದ ಬದಲು ಪಾದ ತಿರುಗಿಸಿ.

ಇನ್ನು ಬಕೆಟ್ಟು ಪೂರಾ ನಿರಪರಾಧಿಯೂ ಅಲ್ಲ. ರಾತ್ರಿ ಮಲಗಿದಾಗ ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಹಾಗಾಗಿ ಎದ್ದ ಮೊದಲ ಅರ್ಧ-ಮುಕ್ಕಾಲು ಗಂಟೆ ಬಗ್ಗುವಾಗ ಅವುಗಳ ಮೇಲೆ ಒತ್ತಡ ಹೆಚ್ಚು. ಉಪನಗರಗಳ ಎಷ್ಟೋ ಕಟ್ಟಡಗಳಲ್ಲಿ ನೀರು ಬರುವುದೇ ನಸುಕಿನಲ್ಲಿ. ಹಾಸಿಗೆಯಿಂದೆದ್ದವರು ಕಣ್ಣುಜ್ಜುತ್ತಾ 20 ಲೀಟರಿನ, ಎಂದರೆ 20 ಕಿಲೋದ, ಬಕೆಟ್ಟಿಗೆ ಬಗ್ಗುತ್ತಾರೆ. ನಳ್ಳಿಗೆ ಪೈಪ್ ಸಿಕ್ಕಿಸಿ ನೇರ ಡ್ರಮ್ಮಿಗೆ ಬಿಡಿ. ಅದಾಗದಿದ್ದರೆ ಅರ್ಧರ್ಧ ಬಕೆಟ್ಟು ಒಯ್ಯಿರಿ, ಎರಡೂ ಕೈಗೆ ಒಂದೊಂದು. ಈಗಾಗಲೇ ಸೊಂಟ ನೋವಿರುವವರು ಆ ಹೊತ್ತಿನ ಕೆಲಸವನ್ನು ಮನೆಯ ಬೇರೆಯವರಿಗೆ ದಾಟಿಸಿದರೆ ತಪ್ಪಿಲ್ಲ.

ಬಲ ಬೆಳೆಸುವುದು

ಜಿಮ್ ಬೇಡ. ವಾರಕ್ಕೆ ಮೂರು ದಿನ, ದಿನಕ್ಕೆ ಹದಿನೈದು ನಿಮಿಷ. ಕುರ್ಚಿಯಿಂದ ಎದ್ದು ಕೂರುವುದು ಎಂಟರಿಂದ ಹನ್ನೆರಡು ಸಲ, ಕೂರುವಾಗ ಮೂರು ಎಣಿಸುತ್ತಾ ನಿಧಾನ. ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು. ಬ್ಯಾಗಿನಲ್ಲಿ ಎರಡು ನೀರಿನ ಬಾಟಲಿ ಹಾಕಿ, ಮಂಡಿ ತುಸು ಬಾಗಿಸಿ, ಸೊಂಟದಲ್ಲಿ ಮುಂದಕ್ಕೆ ಮಡಿದು ಅದನ್ನು ನೆಲದಿಂದ ಎತ್ತಿಡುವುದು. ಪ್ರತಿಯೊಂದನ್ನೂ ಎರಡು ಮೂರು ಸುತ್ತು. ಸುಲಭವೆನಿಸಿದ ಮೇಲೆ ಬಾಟಲಿ ಮೂರಾಗಲಿ.

ಬೆಳಿಗ್ಗೆ ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚಿದಂತಾದರೆ ಅದು ಹೆಚ್ಚಾಗಿ ಅಂಗಾಲಿನ ಪಟ್ಟಿಯ ನೋವು. ದಿನವಿಡೀ ನಿಲ್ಲುವವರಿಗೆ ಜಾಸ್ತಿ. ಮೆಟ್ಟಿಲಿನ ಅಂಚಿನಲ್ಲಿ, ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ಕಂಬಿ ಹಿಡಿದು ನಿಲ್ಲಿ. ಮೂರು ಎಣಿಸುತ್ತಾ ಹಿಮ್ಮಡಿ ಎತ್ತಿ, ಎರಡು ಎಣಿಸುವವರೆಗೆ ಮೇಲೆಯೇ ಇದ್ದು, ಮೂರು ಎಣಿಸುತ್ತಾ ಇಳಿಸಿ. ಹನ್ನೆರಡು ಸಲ, ದಿನ ಬಿಟ್ಟು ದಿನ. ಕೆಲವು ತಿಂಗಳು ಪಟ್ಟು ಬಿಡದೆ ಮಾಡಬೇಕು. ವಾರದಲ್ಲಿ ಗುಣವಾಗುತ್ತದೆಂದು ಹೇಳುವವರನ್ನು ನಂಬಬೇಡಿ.

ಮಾಡುವಾಗ ಸ್ವಲ್ಪ ನೋವು ಬಂದರೆ ನಿಲ್ಲಿಸಬೇಕೇ? ಹತ್ತರಲ್ಲಿ ಮೂರ್ನಾಲ್ಕರಷ್ಟಿದ್ದು, ಮರುದಿನ ಅದೇ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದರೆ ಮುಂದುವರಿಸಿ. ಮರುದಿನವೂ ಹೆಚ್ಚೇ ಇದ್ದರೆ ಸಲ ಕಡಿಮೆ ಮಾಡಿ, ಬಿಟ್ಟೇಬಿಡಬೇಡಿ. ಹೊಸ ನೋವಿಗೆ ಹಾಸಿಗೆ ಹಿಡಿದು ಮಲಗುವ ಹಳೆಯ ಪದ್ಧತಿಯನ್ನು ವೈದ್ಯರು ಕೈಬಿಟ್ಟು ಕಾಲವಾಯಿತು. ಮಾಮೂಲಿ ಸೊಂಟ ನೋವು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಗ್ಗುತ್ತದೆ, ಓಡಾಡುತ್ತಿದ್ದವರಿಗೆ ಬೇಗ.

ನಿದ್ದೆ, ಸಿಗರೇಟು, ಸಕ್ಕರೆ

ನಿದ್ದೆಗೆಟ್ಟ ಮರುದಿನ ಅದೇ ಪೆಟ್ಟು ಹೆಚ್ಚು ನೋಯುತ್ತದೆ. ನೋವನ್ನು ತಡೆಯುವ ಮಿದುಳಿನ ವ್ಯವಸ್ಥೆ ನಿದ್ದೆಯಿಲ್ಲದಾಗ ಮಂಕಾಗುತ್ತದೆ. ವಯಸ್ಕರಿಗೆ ಏಳು ಗಂಟೆಯಾದರೂ ಬೇಕು. 5.40ರ ಗಾಡಿ ಹಿಡಿಯುವವರು ಹನ್ನೊಂದೂವರೆಯವರೆಗೆ ಧಾರಾವಾಹಿ ನೋಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ಸಿಗರೇಟು ಸೇದುವವರಲ್ಲಿ ಬೆನ್ನು ನೋವು ಹೆಚ್ಚು. ಮಧುಮೇಹವಿದ್ದವರಿಗೆ ಭುಜ ಸೆಟೆದುಕೊಳ್ಳುವ ಕಾಯಿಲೆ ಉಳಿದವರಿಗಿಂತ ಹೆಚ್ಚಾಗಿ ಬರುತ್ತದೆ. ಹಾಗಾಗಿ ಕೈ ಹಿಂದೆ ತಿರುಗದಾದಾಗ ಎಣ್ಣೆ ತಿಕ್ಕುವ ಜೊತೆಗೆ ಒಮ್ಮೆ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ. ಮೆಡಿಕಲ್ ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಮಾತ್ರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೆಟ್ಟದ್ದು.

ಸ್ಕ್ಯಾನ್ ಯಾವಾಗ, ಆಸ್ಪತ್ರೆ ಯಾವಾಗ

ಎಂಆರ್‌ಐ ವರದಿಯಲ್ಲಿ "ಡಿಸ್ಕ್ ಉಬ್ಬಿದೆ" ಎಂದು ಓದಿದ ದಿನದಿಂದ ಬಗ್ಗುವುದನ್ನೇ ಬಿಟ್ಟವರನ್ನು ಬಹಳ ನೋಡಿದ್ದೇನೆ. ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಹಾಕಿದ ವಿಮರ್ಶೆಯೊಂದು 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 20ರ ವಯಸ್ಸಿನಲ್ಲೇ ಶೇ. 30 ಮಂದಿಯ ಡಿಸ್ಕ್ ಉಬ್ಬಿರುತ್ತದೆ, 80ರಲ್ಲಿ ಶೇ. 84 ಮಂದಿಯದು. ವರದಿಯ ಪದಗಳು ಎಷ್ಟೋ ಸಲ ಕೂದಲು ನರೆತಂತೆ, ವಯಸ್ಸಿನ ಗುರುತು. ವೈದ್ಯರು ಕೇಳಿದರೆ ಮಾಡಿಸಿ, ಕುತೂಹಲಕ್ಕೆ ಬೇಡ.

ಕಾಯದೆ ತೋರಿಸಬೇಕಾದ ನೋವುಗಳೂ ಇವೆ. ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಯುವುದರ ಜೊತೆಗಿನ ಬೆನ್ನು ನೋವು, ಮಲಗಿದರೂ ತಗ್ಗದೆ ರಾತ್ರಿ ಎಬ್ಬಿಸುವ ನೋವು, ಬಿದ್ದ ಪೆಟ್ಟಿನ ನಂತರದ್ದು, ಹಿಂದೆ ಕ್ಯಾನ್ಸರ್ ಆಗಿದ್ದವರದ್ದು, ಇವನ್ನು ಒಂದೆರಡು ದಿನದಲ್ಲೇ ವೈದ್ಯರಿಗೆ ತೋರಿಸಿ. ಸೊಂಟ ನೋವಿನೊಂದಿಗೆ ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಕಾಲಿನ ಶಕ್ತಿ ಕುಂದುತ್ತಾ ಹೋದರೆ ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ. ಎಡಭುಜ, ದವಡೆಗೆ ಹರಡುವ ಎದೆಯ ಬಿಗಿತವನ್ನು ಗಾಡಿಯಲ್ಲಿ ನೇತಾಡಿದ ನೋವೆಂದು ತಳ್ಳಿಹಾಕಿ ನಿಮ್ಮ ಸ್ಟೇಷನ್ ಬರುವವರೆಗೆ ಕಾಯಬೇಡಿ. ಹತ್ತಿರದ ಸ್ಟೇಷನ್ನಿನಲ್ಲೇ ಇಳಿದು ರೈಲ್ವೆ ಸಿಬ್ಬಂದಿಗೆ ಹೇಳಿ, ಇಲ್ಲವೇ 108ಕ್ಕೆ ಕರೆ ಮಾಡಿ.